ಕಾರ್ವ್‌ರೈಟ್ ಕೆತ್ತನೆ ಯಂತ್ರ: ಎಲ್ಲವೂ ಒಂದು ಪುಟ್ಟ ಹಿತ್ತಾಳೆ ರೋಲರ್ ಮೇಲೆ

ಒಹಾಯೊದಲ್ಲಿರುವ ನಮ್ಮ ಮನೆಯ ಗರಾಜಿನಲ್ಲಿ ಆರು ವರ್ಷಗಳಿಂದ ಒಂದು ಕಾರ್ವ್‌ರೈಟ್ ಯಂತ್ರವಿದೆ, ಕಂಪ್ಯೂಟರಿನಲ್ಲಿ ಮಾಡಿದ ವಿನ್ಯಾಸವನ್ನು ಮರದಲ್ಲಿ ತಾನಾಗಿ ಕೆತ್ತುವಂಥದ್ದು. ಹಿಂದಿನ ಮಾಲೀಕರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡದ್ದು. ಊರಿನ ಗೆಳೆಯರ ಮನೆಗಳಿಗೆ ಕನ್ನಡದ ನಾಮಫಲಕಗಳು, ದೇವರ ಮಂಟಪದ ಹಿಂಬದಿಯ ಹಲಗೆ, ಮಕ್ಕಳಿಗೆ ಅಕ್ಷರಮಾಲೆಯ ತುಂಡುಗಳು, ಹೀಗೆ ಬಿಡುವಿನ ವೇಳೆಯಲ್ಲಿ ನಾನು ಮಾಡಿಕೊಂಡು ಬಂದಿರುವ ಕೆಲಸವೆಲ್ಲ ಈ ಯಂತ್ರದಿಂದಲೇ ಆಗಿದೆ. ಇದನ್ನು ಕೊಳ್ಳಬೇಕೆಂದಿರುವವರು ನನ್ನನ್ನು ಕೇಳುವುದು ಮೋಟಾರಿನ ಬಲ, ಮರ ಕೊರೆಯುವ ಅಲಗುಗಳಾದ ಬಿಟ್‌ಗಳ ಬೆಲೆ ಮತ್ತು ವಿನ್ಯಾಸದ ಸಾಫ್ಟ್‌ವೇರ್ ಕುರಿತು. ಹಲಗೆಯ ಚಲನೆಯನ್ನು ಅಳೆಯುವ ಹಿತ್ತಾಳೆಯ ಪುಟ್ಟ ರೋಲರ್ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ಯಂತ್ರ ಒಳ್ಳೆಯದೋ ಅಲ್ಲವೋ ಎಂಬುದು ಬಹುಪಾಲು ಆ ರೋಲರನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿರುವುದರಿಂದ, ಈ ವಿಮರ್ಶೆಯ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ಮೊದಲು ಯಂತ್ರದ ಪರಿಚಯ. ಟೆಕ್ಸಾಸ್‌ನ ಹ್ಯೂಸ್ಟನ್ ಪ್ರದೇಶದ ಎಲ್‌ಎಚ್‌ಆರ್ ಟೆಕ್ನಾಲಜೀಸ್ ಸಂಸ್ಥೆ ಇದನ್ನು ರೂಪಿಸಿತು. ಸಿಯರ್ಸ್ ಮಳಿಗೆಗಳಲ್ಲಿ ಇದೇ ಯಂತ್ರ ಕ್ರಾಫ್ಟ್ಸ್‌ಮನ್ ಕಂಪ್ಯೂಕಾರ್ವ್ ಎಂಬ ಹೆಸರಿನಲ್ಲಿಯೂ ಮಾರಾಟವಾಯಿತು. ನೋಡಲು ಇದು ಬಡಗಿಗಳು ಹಲಗೆಯ ದಪ್ಪ ಇಳಿಸಲು ಬಳಸುವ ಪ್ಲೇನರ್ ಯಂತ್ರದಂತೆಯೇ ಇದೆ: ಒಂದು ಕಡೆಯಿಂದ ಹಲಗೆ ಒಳಹೋಗಿ ಇನ್ನೊಂದು ಕಡೆಯಿಂದ ಹೊರಬರುತ್ತದೆ. ಹದಿನಾಲ್ಕೂವರೆ ಇಂಚು ಅಗಲ, 5 ಇಂಚು ದಪ್ಪ ಮತ್ತು 12 ಅಡಿ ಉದ್ದದವರೆಗಿನ ಹಲಗೆಯನ್ನು ಇದು ತೆಗೆದುಕೊಳ್ಳುತ್ತದೆ. ಸಾಮಾನ್ಯ ಸಿಎನ್‌ಸಿ ರೂಟರ್‌ನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರದಲ್ಲಿ, ಹಲಗೆಯನ್ನು ಮೇಜಿಗೆ ಬಿಗಿದು, ಕೊರೆಯುವ ತಲೆಯನ್ನು ಉದ್ದಗಲಕ್ಕೆ ಓಡಿಸುತ್ತಾರೆ. 12 ಅಡಿಯ ಹಲಗೆಯನ್ನು ಒಂದೇ ಸಲಕ್ಕೆ ಕೆತ್ತಬೇಕಾದರೆ ಅಲ್ಲಿ 12 ಅಡಿಯ ಮೇಜೇ ಬೇಕು. ಇಲ್ಲಿ ಬಿಟ್ ಅಡ್ಡಲಾಗಿ ಮತ್ತು ಮೇಲೆ ಕೆಳಗೆ ಮಾತ್ರ ಓಡಾಡುತ್ತದೆ, ಉದ್ದದ ದಿಕ್ಕಿನಲ್ಲಿ ಹಲಗೆಯೇ ಹಿಂದೆ ಮುಂದೆ ಸರಿಯುತ್ತದೆ. ಗರಾಜಿನ ಮೂಲೆಯಲ್ಲಿ ಒಂದು ಸಣ್ಣ ಮೇಜಿನಷ್ಟು ಜಾಗದಲ್ಲಿ ಬಾಗಿಲಿನ ಚೌಕಟ್ಟಿನ ಪಟ್ಟಿಯನ್ನೂ ಕೆತ್ತಬಹುದಾದದ್ದು ಈ ಏರ್ಪಾಡಿನಿಂದಲೇ.

ಆದರೆ ಇದೇ ಏರ್ಪಾಡಿನಿಂದ ಒಂದು ತೊಡಕು ಹುಟ್ಟುತ್ತದೆ. ಹಲಗೆಯನ್ನು ಕೆಳಗಿನಿಂದ ಎರಡು ಬೆಲ್ಟ್‌ಗಳು ಎಳೆಯುತ್ತವೆ, ಮೇಲಿನಿಂದ ತಲೆಯ ಭಾಗದಲ್ಲಿರುವ ರೋಲರ್‌ಗಳು ಅದುಮಿ ಹಿಡಿಯುತ್ತವೆ. ಮರದ ಮೇಲೆ ಬೆಲ್ಟ್ ಎಷ್ಟೇ ಬಿಗಿಯಾಗಿ ಕೂತರೂ ಆಗಾಗ ಕೂದಲೆಳೆಯಷ್ಟಾದರೂ ಜಾರುವುದು ಸಹಜವಾದ್ದರಿಂದ, ಬೆಲ್ಟ್ ತಿರುಗಿಸುವ ಮೋಟಾರ್ ಎಷ್ಟು ಸುತ್ತು ಹಾಕಿತೆಂಬ ಲೆಕ್ಕವನ್ನೇ ನಂಬಿ ಕೆತ್ತುವಂತಿಲ್ಲ. ಅದಕ್ಕಾಗಿಯೇ, ಕೀಪ್ಯಾಡ್ ಇರುವ ಬದಿಗೆ ಹತ್ತಿರವಾಗಿ, ತಳದ ತಟ್ಟೆಯಿಂದ ಚೂರೇ ಚೂರು ಮೇಲೆದ್ದು ನಿಂತ ಹಿತ್ತಾಳೆಯ ರೋಲರೊಂದನ್ನು ಕೂರಿಸಿದ್ದಾರೆ. ಇದು ಹಲಗೆಯನ್ನು ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ. ಸ್ಪ್ರಿಂಗ್‌ನ ಒತ್ತಡದಿಂದ ಹಲಗೆಯ ತಳಕ್ಕೆ ತಾಗಿಕೊಂಡಿದ್ದು, ಹಲಗೆ ಸರಿದಷ್ಟು ತಾನೂ ಉರುಳುತ್ತದೆ. ಅದರೊಂದಿಗೆ ಜೋಡಿಸಿದ ಎನ್‌ಕೋಡರ್ ಆ ಉರುಳುವಿಕೆಯನ್ನು ಎಣಿಸಿ, ಹಲಗೆ ನಿಜವಾಗಿ ಎಷ್ಟು ಸರಿಯಿತೆಂದು ಯಂತ್ರಕ್ಕೆ ತಿಳಿಸುತ್ತದೆ.

ನಾನು ಹುಟ್ಟಿ ಬೆಳೆದದ್ದು ಸಾಗರದಲ್ಲಿ. ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆಯ ಜಗಲಿಯಲ್ಲಿ ಕೂತು ಅವರ ಕೆಲಸ ನೋಡಿದವನು ನಾನು. ಬಲಗೈಯಲ್ಲಿ ಉಳಿ ಹಿಡಿದವರ ಎಡಗೈ ಸುಮ್ಮನಿರುವುದಿಲ್ಲ. ಮರದ ತುಂಡು ಎಷ್ಟು ತಿರುಗಿತು, ಎಷ್ಟು ಸರಿಯಿತು ಎಂಬುದನ್ನು ಅದು ಸದಾ ಗಮನಿಸುತ್ತಲೇ ಇರುತ್ತದೆ. ಈ ಯಂತ್ರದಲ್ಲಿ ಆ ಎಡಗೈಯ ಕೆಲಸ ಹಿತ್ತಾಳೆ ರೋಲರ್‌ನದು. ಬಿಟ್‌ಗೆ ಕಣ್ಣಿಲ್ಲ. ರೋಲರ್ ಹೇಳಿದ್ದನ್ನು ಅದು ನಂಬಿ ಕೊರೆಯುತ್ತದೆ.

ರೋಲರ್ ತಪ್ಪು ಹೇಳಿದರೆ ಏನಾಗುತ್ತದೆ ಎಂಬುದನ್ನು ಮೂರನೆಯ ವರ್ಷದಲ್ಲಿ ಒಂದು ಚೆರ್ರಿ ಹಲಗೆ ಕಳೆದುಕೊಂಡು ಕಲಿತೆ. ಆ ಬೇಸಿಗೆಯಿಡೀ ನಾನು ಪೈನ್ ಮರದಲ್ಲಿ ಕೆಲಸ ಮಾಡಿದ್ದೆ. ಪೈನ್ ಅಗ್ಗ, ಕೊರೆಯಲು ಮೃದು, ಆದರೆ ಅದರ ಮೈತುಂಬ ರಾಳ. ಶರತ್ಕಾಲದಲ್ಲಿ ಗೆಳೆಯರೊಬ್ಬರ ಹೊಸ ಮನೆಗೆಂದು ಎರಡು ಅಡಿ ಉದ್ದದ ನಾಮಫಲಕವನ್ನು ಚೆರ್ರಿಯಲ್ಲಿ ಕೆತ್ತಲು ಕೂರಿಸಿದೆ. ಅಕ್ಷರಗಳ ಕೆತ್ತನೆ ಸುಮಾರು ಎರಡು ಗಂಟೆ ನಡೆಯಿತು, ಒಂದಕ್ಷರವೂ ಕೆಟ್ಟಿರಲಿಲ್ಲ. ಆಮೇಲೆ ಬಿಟ್ ಬದಲಿಸಿ, ಫಲಕದ ಹೊರ ಅಂಚನ್ನು ಕತ್ತರಿಸಲು ಬಿಟ್ಟೆ. ಅಂಚಿನ ಗೆರೆ ಅಕ್ಷರಗಳಿಗೆ ಸಮನಾಗಿ ಬರುವ ಬದಲು ಉದ್ದದ ದಿಕ್ಕಿನಲ್ಲಿ ಸರಿದುಹೋಗಿ, ಒಂದು ತುದಿಯಲ್ಲಿ ಬೆರಳಗಲದ ಅಂಚು ಉಳಿದು, ಇನ್ನೊಂದು ತುದಿಯಲ್ಲಿ ಕೊನೆಯ ಅಕ್ಷರದ ಕೊಂಬನ್ನೇ ಕತ್ತರಿಸಿಕೊಂಡು ಹೋಯಿತು. ಯಂತ್ರದ ಪರದೆಯ ಮೇಲೆ ಯಾವ ದೋಷವೂ ಕಾಣಲಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಪ್ಲಗ್ ಕಿತ್ತು, ಹ್ಯಾಂಡಲ್ ತಿರುಗಿಸಿ ತಲೆಯನ್ನು ಪೂರ್ತಿ ಮೇಲೆತ್ತಿ, ಟಾರ್ಚ್ ಹಿಡಿದು ನೋಡಿದೆ. ರೋಲರ್‌ನ ಮೈಮೇಲೆ ಬೆಲ್ಲದ ಪಾಕ ಚೆಲ್ಲಿ ಒಣಗಿದಂಥ ಕಂದು ಪೊರೆಯೊಂದು ಕೂತಿತ್ತು. ಉಗುರಿನಿಂದ ಕೆರೆದರೆ ಹಕ್ಕಳೆಯಂತೆ ಏಳುತ್ತಿತ್ತು, ಅದರಡಿಯಲ್ಲಿ ಹಿತ್ತಾಳೆಯ ಹೊಳಪು ಕಾಣುತ್ತಿತ್ತು. ಅಕ್ಕಪಕ್ಕದ ಸಂದಿಯಲ್ಲಿ ಹಿಟ್ಟಿನಷ್ಟು ನುಣ್ಣನೆಯ ಹೊಟ್ಟು ಗಟ್ಟಿಯಾಗಿ ತುಂಬಿಕೊಂಡು, ರೋಲರನ್ನು ಬೆರಳಿನಿಂದ ಒತ್ತಿದರೆ ಕೆಳಗಿಳಿದದ್ದು ಮೇಲೇಳಲು ತಡಮಾಡುತ್ತಿತ್ತು. ಮೂರು ವರ್ಷಗಳಲ್ಲಿ ಒಮ್ಮೆಯೂ ನಾನು ಅಲ್ಲಿಗೆ ಕೈಹಾಕಿರಲಿಲ್ಲ. ತಪ್ಪು ಪೂರ್ತಿಯಾಗಿ ನನ್ನದೇ.

ಆ ತೆಳು ಪೊರೆ ಇಷ್ಟು ದೊಡ್ಡ ಅನಾಹುತ ಮಾಡಬಲ್ಲದೆ ಎಂದು ಅನುಮಾನಿಸುವವರಿಗಾಗಿ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಅನುಕೂಲಕ್ಕಾಗಿ ರೋಲರ್‌ನ ವ್ಯಾಸ 12 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದರ ಸುತ್ತ 0.06 ಮಿಲಿಮೀಟರ್ ದಪ್ಪದ, ಅಂದರೆ ಹೆಚ್ಚು ಕಡಿಮೆ ಒಂದು ತಲೆಗೂದಲಿನಷ್ಟು ದಪ್ಪದ ರಾಳ ಕೂತರೆ ವ್ಯಾಸ 12.12 ಮಿಲಿಮೀಟರ್ ಆಗುತ್ತದೆ, ಶೇಕಡಾ 1ರಷ್ಟು ಹೆಚ್ಚು. ಪ್ರತಿ ಸುತ್ತಿಗೂ ಹಲಗೆ ಶೇಕಡಾ 1ರಷ್ಟು ಹೆಚ್ಚು ದೂರ ಸರಿಯುತ್ತದೆ, ಆದರೆ ಯಂತ್ರ ಹಳೆಯ ವ್ಯಾಸದ ಲೆಕ್ಕವನ್ನೇ ಹಿಡಿದಿರುತ್ತದೆ. 600 ಮಿಲಿಮೀಟರ್ ಸರಿಸಿದೆನೆಂದು ಅದು ತಿಳಿದಾಗ ಹಲಗೆ ನಿಜವಾಗಿ 606 ಮಿಲಿಮೀಟರ್ ಸರಿದಿರುತ್ತದೆ. ಎರಡು ಅಡಿಯ ಫಲಕದಲ್ಲಿ 6 ಮಿಲಿಮೀಟರ್ ವ್ಯತ್ಯಾಸವೆಂದರೆ ಒಂದು ಒತ್ತಕ್ಷರವನ್ನು ಪೂರ್ತಿ ನುಂಗಿಬಿಡುವಷ್ಟು.

ರೋಲರ್‌ನ ತೊಂದರೆಗಳಲ್ಲಿ ಎರಡು ಬಗೆಯಿವೆ, ಎರಡಕ್ಕೂ ಮದ್ದು ಬೇರೆ. ಪೊರೆ ಸಮನಾಗಿ ಕೂತು ವ್ಯಾಸ ಹೆಚ್ಚಿದ್ದರೆ ಯಂತ್ರ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ತಪ್ಪುತ್ತದೆ. ರೋಲರ್ ಎಲ್ಲೋ ಹಿಡಿದುಕೊಳ್ಳುತ್ತಿದ್ದರೆ ಅಥವಾ ಹಲಗೆಗೆ ಸರಿಯಾಗಿ ತಾಗದೆ ಜಾರುತ್ತಿದ್ದರೆ ಒಂದೊಂದು ಸಲ ಒಂದೊಂದು ರೀತಿ ತಪ್ಪುತ್ತದೆ. ಇದನ್ನು ಪತ್ತೆಹಚ್ಚಲು ನಾನು ಕಂಡುಕೊಂಡಿರುವ ಉಪಾಯ ಕನ್ನಡದ ಸೊನ್ನೆ. ಕೆಲಸಕ್ಕೆ ಬಾರದ ಒಂದು ಪಾಪ್ಲರ್ ತುಂಡಿನಲ್ಲಿ 4 ಇಂಚು ವ್ಯಾಸದ ಸೊನ್ನೆಯನ್ನು ಒಂದೇ ಗೆರೆಯಾಗಿ ಕೊರೆಯಿಸುತ್ತೇನೆ. ಗೆರೆಯ ಎರಡು ತುದಿಗಳು ಕೂಡಿಕೊಂಡು, ಆದರೆ ಸೊನ್ನೆ ಕೋಳಿಮೊಟ್ಟೆಯಂತೆ ಉದ್ದವಾಗಿ ಬಂದರೆ ವ್ಯಾಸ ಕೆಟ್ಟಿದೆಯೆಂದು ಅರ್ಥ, ಅಂದರೆ ರಾಳ ತೆಗೆಯಬೇಕು. ತುದಿಗಳೇ ಕೂಡದೆ ಸೊನ್ನೆ ಬಾಯಿ ಬಿಟ್ಟುಕೊಂಡಿದ್ದರೆ ಜಾರಿಕೆಯ ಸಮಸ್ಯೆಯಿದೆ. ಆಗ ಸಂದಿಯ ಹೊಟ್ಟು, ಸ್ಪ್ರಿಂಗ್, ತಲೆಯ ಒತ್ತಡ ಮತ್ತು ಹಲಗೆಯ ತಳ, ಇವನ್ನು ಒಂದೊಂದಾಗಿ ನೋಡಬೇಕು. ನನ್ನ ಯಂತ್ರ ಅಂದು ಕೊರೆದ ಸೊನ್ನೆಯಲ್ಲಿ ಎರಡು ದೋಷಗಳೂ ಇದ್ದವು: ಉದ್ದವಾಗಿಯೂ ಇತ್ತು, ತುದಿಗಳ ನಡುವೆ 2 ಮಿಲಿಮೀಟರ್ ಅಂತರವೂ ಇತ್ತು. ಆ ತುಂಡನ್ನು ಗೋಡೆಗೆ ತೂಗುಹಾಕಿದ್ದೇನೆ, ಹೊಸ ಸೊನ್ನೆಗಳನ್ನು ಅದರ ಪಕ್ಕ ಹಿಡಿದು ನೋಡಲು ಅನುಕೂಲ.

ಶುಚಿಗೊಳಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಸಲ್ಲದು. ಪ್ಲಗ್ ಕಿತ್ತ ಮೇಲೆ ಮೊದಲು ವ್ಯಾಕ್ಯೂಮ್‌ನಿಂದ ಸುತ್ತಲಿನ ಹೊಟ್ಟನ್ನು ಎಳೆದು ತೆಗೆಯಬೇಕು. ಕಂಪ್ರೆಸರ್‌ನ ಗಾಳಿ ಬಿಟ್ಟರೆ ಬೇಗ ಮುಗಿಯುತ್ತದೆಂದು ಹಲವರು ಹಾಗೆ ಮಾಡುತ್ತಾರೆ, ಆದರೆ ಜೋರು ಗಾಳಿ ನುಣ್ಣನೆಯ ಧೂಳನ್ನು ರೋಲರ್ ತಿರುಗುವ ಕೀಲಿನ ಒಳಕ್ಕೇ ತಳ್ಳುತ್ತದೆ ಎಂಬುದು ನನ್ನ ಅನುಭವ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದಿಗಳನ್ನು ಸಡಿಲಿಸಿ ಮತ್ತೆ ವ್ಯಾಕ್ಯೂಮ್ ಹಿಡಿಯುವುದು ಮೇಲು. ಆನಂತರ ಬಿಳಿಯ ಹತ್ತಿಬಟ್ಟೆಯ ತುಂಡನ್ನು ಮಿನರಲ್ ಸ್ಪಿರಿಟ್‌ನಲ್ಲಿ (ಬಣ್ಣ ತೆಳುಗೊಳಿಸಲು ಬಳಸುವ ದ್ರಾವಕ) ಅದ್ದಿ, ಚೆನ್ನಾಗಿ ಹಿಂಡಿ, ರೋಲರ್‌ಗೆ ಒತ್ತಿ ಹಿಡಿದು, ಬೆರಳಿನಿಂದ ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒರೆಸಬೇಕು. ಬಟ್ಟೆಯ ಮೇಲೆ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತ ಒರೆಸುತ್ತಿರಬೇಕು. ನನಗೆ ಮೊದಲ ಸಲ ಏಳು ತುಂಡು ಬಟ್ಟೆ ಬೇಕಾಯಿತು, ಈಗ ಒಂದು ಸಾಕು. ದ್ರವ ತೊಟ್ಟಿಕ್ಕಿ ಎನ್‌ಕೋಡರ್ ಕಡೆಗೆ ಇಳಿಯದಂತೆ ನೋಡಿಕೊಳ್ಳಿ, ಗರಾಜಿನ ಬಾಗಿಲು ತೆರೆದಿಡಿ, ಆವಿ ಆರಿದ ಮೇಲೆಯೇ ಪ್ಲಗ್ ಹಾಕಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡದೆ ಹೊರಗೆ ಬಿಡಿಸಿ ಹರವಿ ಒಣಗಿಸಿ.

ಎರಡು ಕೆಲಸಗಳನ್ನು ಮಾತ್ರ ಖಂಡಿತ ಮಾಡಬಾರದು. ಗಟ್ಟಿಯಾದ ರಾಳವನ್ನು ಚಾಕುವಿನಿಂದ ಅಥವಾ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ತೆಗೆಯಲು ಹೋಗಬಾರದು. ಹಿತ್ತಾಳೆ ಮೃದು ಲೋಹ, ಅದರ ಮೈಯೇ ಸವೆದರೆ ವ್ಯಾಸ ಶಾಶ್ವತವಾಗಿ ಕಡಿಮೆಯಾಗಿ ಈಗಿನ ತಪ್ಪು ತಿರುಗುಮುರುಗಾಗುತ್ತದೆ, ಆಗ ಹೊಸ ರೋಲರ್ ಹಾಕಿಸದೆ ದಾರಿಯಿಲ್ಲ. ಇನ್ನೊಂದು ಎಣ್ಣೆಯ ವಿಷಯ. ತಿರುಗುವ ವಸ್ತು ಕಂಡರೆ ಎರಡು ಹನಿ ಎಣ್ಣೆ ಬಿಡುವುದು ನಮ್ಮವರ ಅಭ್ಯಾಸ, ಹೊಲಿಗೆ ಯಂತ್ರದಿಂದ ಬಂದದ್ದಿರಬೇಕು. ಇಲ್ಲಿ ಆ ಎಣ್ಣೆ ಹೊಟ್ಟಿನೊಂದಿಗೆ ಕಲಸಿಕೊಂಡು ಒಂದೇ ವಾರದಲ್ಲಿ ಹಿಟ್ಟಿನ ಮುದ್ದೆಯಾಗುತ್ತದೆ. ರೋಲರ್‌ನ ಮೇಲ್ಮೈಗೆ ಎಣ್ಣೆ ತಾಗಿದರಂತೂ ಹಲಗೆಯ ಮೇಲೆ ಅದು ಉರುಳುವ ಬದಲು ಜಾರುತ್ತದೆ. ಕೀಲು ಬಿಗಿಯಾಗಿದೆ ಎನಿಸಿದರೆ ಒಣಗಿ ಕೂರುವ ಬಗೆಯ ಲೂಬ್ರಿಕೆಂಟನ್ನು ಕಡ್ಡಿಯ ತುದಿಯಿಂದ ಕೀಲಿಗೆ ಮಾತ್ರ ಮುಟ್ಟಿಸಬೇಕು.

ಶುಚಿಯಾದ ರೋಲರ್‌ಗೂ ಹಲಗೆ ಸರಿಯಾಗಿ ತಾಗದಿದ್ದರೆ ಪ್ರಯೋಜನವಿಲ್ಲ. ಬಾಗಿದ ಹಲಗೆಯ ತಳ ರೋಲರ್ ಇರುವಲ್ಲಿಯೇ ಮೇಲೆದ್ದಿರಬಹುದು, ಆದ್ದರಿಂದ ಕೆತ್ತುವ ಮುನ್ನ ತಳವನ್ನು ಪ್ಲೇನರ್‌ನಿಂದ ಅಥವಾ ಉಜ್ಜುಗೊರಡಿನಿಂದ ಸಮ ಮಾಡಿಕೊಳ್ಳುವುದು ಅಗತ್ಯ. ಇಲ್ಲಿನ ಚಳಿಗಾಲದಲ್ಲಿ ಮನೆಯೊಳಗಿನ ಒಣ ಹವೆಯಲ್ಲಿಟ್ಟ ಹಲಗೆಯನ್ನು ಗರಾಜಿಗೆ ತಂದರೆ ಎರಡೇ ದಿನದಲ್ಲಿ ಬಾಗುವುದನ್ನು ಕಂಡಿದ್ದೇನೆ. ಉದ್ದದ ಹಲಗೆಯಾದರೆ ಎರಡೂ ಬದಿಯಲ್ಲಿ ಉರುಳೆಗಳುಳ್ಳ ಸ್ಟ್ಯಾಂಡ್‌ಗಳನ್ನು ಯಂತ್ರದ ತಳಕ್ಕೆ ಸಮನಾದ ಎತ್ತರದಲ್ಲಿ ನಿಲ್ಲಿಸಬೇಕು. ಇಲ್ಲವಾದರೆ ಹೊರಚಾಚಿದ ತುದಿ ತನ್ನ ಭಾರಕ್ಕೆ ಜೋತುಬಿದ್ದು, ಏತದಂತೆ ನಡುಭಾಗವನ್ನು ರೋಲರ್‌ನಿಂದ ಮೇಲಕ್ಕೆತ್ತುತ್ತದೆ. ಹಲಗೆಯ ಎರಡು ತುದಿಗಳಲ್ಲೂ ಸುಮಾರು ಮೂರೂವರೆ ಇಂಚು ಹೆಚ್ಚುವರಿ ಮರ ಬಿಡಬೇಕೆಂಬ ನಿಯಮಕ್ಕೂ ಕಾರಣ ಇಂಥದ್ದೇ. ಅಷ್ಟು ಬಿಟ್ಟರೆ ಮಾತ್ರ ಕೆತ್ತನೆಯ ಕೊನೆಯವರೆಗೂ ಹಲಗೆ ಮೇಲಿನ ಎರಡೂ ಒತ್ತು ರೋಲರ್‌ಗಳ ಹಿಡಿತದಲ್ಲಿರುತ್ತದೆ. ದುಬಾರಿ ಮರದಲ್ಲಿ ಏಳು ಇಂಚು ವ್ಯರ್ಥವಾಗುವುದನ್ನು ನೋಡಲಾರದೆ, ನಾನು ತುದಿಗಳಿಗೆ ಅಷ್ಟೇ ದಪ್ಪದ ಪೈನ್ ತುಂಡುಗಳನ್ನು ಅಂಟಿಸಿ, ಕೆಲಸ ಮುಗಿದ ಮೇಲೆ ಕತ್ತರಿಸಿ ತೆಗೆಯುತ್ತೇನೆ.

ತಲೆಯ ಒತ್ತಡವನ್ನು ಮನೆಯಲ್ಲಿ ತೂಕ ನೋಡುವ ಸ್ನಾನಗೃಹದ ಸ್ಕೇಲ್‌ನಿಂದ ಅಳೆಯಬಹುದು. ಅದನ್ನು ಯಂತ್ರದೊಳಗಿಟ್ಟು, ಮೇಲೊಂದು ಮರದ ತುಂಡಿಟ್ಟು ತಲೆಯನ್ನು ಇಳಿಸಿದರೆ ಮುಳ್ಳು ಸುಮಾರು 80 ಪೌಂಡ್, ಅಂದರೆ 36 ಕೆಜಿಯ ಆಸುಪಾಸಿಗೆ ಬರಬೇಕೆಂಬುದು ಬಳಕೆದಾರರಲ್ಲಿ ರೂಢಿಯಾಗಿರುವ ಲೆಕ್ಕ.

ಇವೆಲ್ಲಕ್ಕಿಂತ ಅಗ್ಗದ, ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಉಪಾಯ ಮಾಸ್ಕಿಂಗ್ ಟೇಪ್. ಹಲಗೆಯ ತಳದಲ್ಲಿ ರೋಲರ್ ಉರುಳುವ ಜಾಗದುದ್ದಕ್ಕೂ ಒಂದು ಪಟ್ಟಿ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿದರೆ, ರಾಳ ರೋಲರ್‌ಗೆ ತಾಗುವುದೇ ಇಲ್ಲ. ಮರದ ಎಳೆಯ ಏರಿಳಿತಗಳೂ ಮುಚ್ಚಿಹೋಗಿ ರೋಲರ್ ಒಂದೇ ಸಮನೆ ಉರುಳುತ್ತದೆ. ಬೆರಳಿನಿಂದ ಟೇಪನ್ನು ಒಮ್ಮೆ ತೀಡಿ ನೋಡಿ, ಎಲ್ಲಾದರೂ ಗುಳ್ಳೆಯಿದ್ದರೆ ಕಿತ್ತು ಬೇರೆ ಹಾಕಿ, ಏಕೆಂದರೆ ಆ ಗುಳ್ಳೆಯ ಮೇಲೆ ರೋಲರ್ ಹತ್ತಿ ಇಳಿಯುವುದೂ ಲೆಕ್ಕಕ್ಕೆ ಸೇರುತ್ತದೆ. ಹಲಗೆ ಸಣ್ಣದಾಗಿದ್ದು ಅಥವಾ ಓರೆಕೋರೆಯಾಗಿದ್ದು ರೋಲರ್ ಮೇಲೆ ಬರುವಂತಿಲ್ಲದಿದ್ದರೆ, ಪ್ಲೈವುಡ್‌ನ ನೇರವಾದ ಒಂದು ತಟ್ಟೆಗೆ ಅದನ್ನು ಬಿಗಿದು, ತಟ್ಟೆಯ ಸಮೇತ ಯಂತ್ರಕ್ಕೆ ಕೊಡುವುದು ಒಳ್ಳೆಯದು. ಆಗ ರೋಲರ್‌ಗೆ ಸದಾ ಒಂದೇ ನುಣುಪಾದ ಮೇಲ್ಮೈ ಸಿಗುತ್ತದೆ.

ಈಗ ಯಂತ್ರದ ಬಗ್ಗೆ ನನ್ನ ತೀರ್ಮಾನ. ಕಡಿಮೆ ಜಾಗದಲ್ಲಿ ಉದ್ದದ ಹಲಗೆಯನ್ನು ಕೆತ್ತುವ ಹವ್ಯಾಸಿಗೆ ಇಂದಿಗೂ ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಕನ್ನಡ ಅಕ್ಷರಗಳ ದುಂಡುತನವನ್ನು, ತಲೆಕಟ್ಟಿನ ಬಾಗನ್ನು ಇದು ತೆಗೆಯುವ ಪರಿ ನನಗೆ ಪ್ರತಿಸಲವೂ ಸಂತೋಷ ಕೊಡುತ್ತದೆ. ಸದ್ದು ಜೋರು, ಧೂಳು ಬಹಳ, ಆದ್ದರಿಂದ ಕಿವಿಗೆ ರಕ್ಷಣೆ, ಮೂಗಿಗೆ ಮಾಸ್ಕ್ ಮತ್ತು ಯಂತ್ರಕ್ಕೆ ಧೂಳು ಎಳೆಯುವ ಪೈಪು ಇಲ್ಲದೆ ಕೆಲಸ ಆರಂಭಿಸಬೇಡಿ. ಧೂಳನ್ನು ಹುಟ್ಟಿದಲ್ಲೇ ಎಳೆದುಕೊಂಡರೆ ರೋಲರ್‌ನ ಆರೈಕೆಯೂ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆದರೆ ಯಂತ್ರವನ್ನು ಚಾಲೂ ಮಾಡಿ ಒಳಗೆ ಹೋಗಿ ಊಟ ಮಾಡಿ ಬರುವೆನೆನ್ನುವವರಿಗೆ, ಪ್ರತಿ ಹಲಗೆಗೂ ಮೊದಲು ಐದು ನಿಮಿಷ ಬಗ್ಗಿ ನೋಡುವ ತಾಳ್ಮೆಯಿಲ್ಲದವರಿಗೆ, ಹಲಗೆಯನ್ನು ಮೇಜಿಗೆ ಬಿಗಿಯುವ ಸಣ್ಣ ಸಿಎನ್‌ಸಿ ರೂಟರ್ ಹೆಚ್ಚು ಹೊಂದುತ್ತದೆ. ಅಲ್ಲಿ ಹಲಗೆ ಅಲುಗುವುದಿಲ್ಲವಾದ್ದರಿಂದ ಅಳೆಯುವ ರೋಲರ್ ಕೂಡ ಬೇಕಿಲ್ಲ.

ನನ್ನ ದಿನಚರಿ ಈಗ ಹೀಗಿದೆ: ಹಲಗೆ ಹಾಕುವ ಮುನ್ನ ಪ್ರತಿ ಸಲವೂ ವ್ಯಾಕ್ಯೂಮ್, ಬೆರಳಿನಿಂದ ಒಂದು ಸುತ್ತು, ಒತ್ತಿ ಬಿಟ್ಟು ಒಂದು ಪರೀಕ್ಷೆ. ಪೈನ್ ಕೆತ್ತಿದ್ದರೆ ಆ ದಿನವೇ ಸ್ಪಿರಿಟ್‌ನಲ್ಲಿ ಒರೆಸುವುದು, ಗಟ್ಟಿಮರವಾದರೆ ತಿಂಗಳಿಗೊಮ್ಮೆ. ಆ ಚೆರ್ರಿ ಫಲಕವನ್ನು ಹೊಸ ಹಲಗೆಯಲ್ಲಿ ಮತ್ತೆ ಕೆತ್ತಿ ಗೆಳೆಯರಿಗೆ ಕೊಟ್ಟೆ. ಅಂಚು ನಾಲ್ಕೂ ಕಡೆ ಸಮನಾಗಿ ಬಂತು.

ಹಳೆಯ ಯಂತ್ರ ಕೊಳ್ಳಲು ಹೊರಟವರಿಗೆ ಒಂದು ಮಾತು. ಮಾರುವವರ ಮನೆಗೆ ಹೋಗುವಾಗ ತಳ ಸಮವಾಗಿರುವ, ಉದ್ದವನ್ನು ಟೇಪಿನಿಂದ ಅಳೆದು ಬರೆದಿಟ್ಟ ಒಂದು ಹಲಗೆಯನ್ನು ಜೊತೆಗೆ ಕೊಂಡೊಯ್ಯಿರಿ. ಕೆಲಸ ಆರಂಭಿಸುವಾಗ ಯಂತ್ರ ಹಲಗೆಯ ಉದ್ದವನ್ನು ತಾನೇ ಅಳೆಯುತ್ತದೆ. ಹಾಗೆ ಮೂರು ಸಲ ಅಳೆಸಿ ನೋಡಿ. ಮೂರು ಸಲವೂ ಒಂದೇ ಪ್ರಮಾಣದಲ್ಲಿ ಉದ್ದ ಕಡಿಮೆ ತೋರಿಸಿದರೆ ರೋಲರ್‌ಗೆ ರಾಳ ಕೂತಿದೆ, ಅರ್ಧ ಗಂಟೆಯಲ್ಲಿ ನೀವೇ ಸರಿಮಾಡಿಕೊಳ್ಳಬಹುದು. ಮೂರು ಸಲ ಮೂರು ಬೇರೆ ಬೇರೆ ಉದ್ದ ಬಂದರೆ, ರೋಲರನ್ನು ಅಲ್ಲೇ ಶುಚಿಮಾಡಿ ಮತ್ತೊಮ್ಮೆ ಅಳೆಸುವಂತೆ ಕೇಳಿ. ಆಮೇಲೂ ಅಳತೆ ನಿಲ್ಲದಿದ್ದರೆ, ಬೆಲೆ ಎಷ್ಟೇ ಇಳಿಸಿ ಹೇಳಿದರೂ ಹಲಗೆಯನ್ನು ಎತ್ತಿಕೊಂಡು ವಾಪಸು ಬನ್ನಿ.